ಆರೋಗ್ಯ ಪ್ರಶ್ನೋತ್ತರ: ಬೆನ್ನುನೋವು, ಬಾಯಿ ಕ್ಯಾನ್ಸರ್ ಮತ್ತು ಇರಾಪ್1 ಎಂಬ ಕಿಣ್ವ

ಕಳೆದ ಸಂಚಿಕೆಯಲ್ಲಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆ) ಬಗ್ಗೆ ಬರೆಯುವಾಗ, ‘ಎಚ್‌ಎಲ್‌ಎ-ಬಿ27 ಜೀನ್ ಜೊತೆಗೆ ಇರಾಪ್1 ಎಂಬ ಕಿಣ್ವಕ್ಕೂ ಈ ಕಾಯಿಲೆಯಲ್ಲಿ ಪಾತ್ರವಿದೆ’ ಎಂಬ ಸಾಲೊಂದು ಬಂದಿತ್ತು. ಆ ಸಾಲನ್ನು ಹಿಡಿದು ಕಾಸರಗೋಡು ಜಿಲ್ಲೆಯ ಓದುಗರಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಉತ್ತರಗಳನ್ನು ಸಂಧಿವಾತ ತಜ್ಞರೂ ಕ್ಯಾನ್ಸರ್ ತಜ್ಞರೂ ಸೇರಿ ಬರೆದಿದ್ದಾರೆ. ಪತ್ರ ಬರೆದವರ ಹೆಸರು ಬೇಡವೆಂದು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ (ಬದಿಯಡ್ಕ): ನನ್ನ ಮಗನಿಗೆ 26 ವರ್ಷ. ಎರಡು ವರ್ಷದಿಂದ ಸೊಂಟದ ಕೆಳಗೆ ನೋವು. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆ ಮೈ ಬಗ್ಗುವುದಿಲ್ಲ. ಮಂಗಳೂರಿನಲ್ಲಿ ತೋರಿಸಿದಾಗ ಸ್ಪಾಂಡಿಲೈಟಿಸ್ ಎಂದರು, ಬಿ27 ಪಾಸಿಟಿವ್ ಬಂದಿದೆ. ಕಿಣ್ವ ಎಂದರೆ ಜೀರ್ಣಕ್ಕೆ ಬೇಕಾದದ್ದು ಎಂದಷ್ಟೇ ನನಗೆ ಗೊತ್ತು. ಬೆನ್ನುನೋವಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಉತ್ತರ: ಜೀರ್ಣಕ್ರಿಯೆ ಹೊಟ್ಟೆಯಲ್ಲಿ ಮಾತ್ರ ನಡೆಯುವುದಲ್ಲ, ಪ್ರತಿಯೊಂದು ಜೀವಕೋಶದ ಒಳಗೂ ನಡೆಯುತ್ತಲೇ ಇರುತ್ತದೆ. ಕೋಶ ತಾನು ತಯಾರಿಸಿದ ಪ್ರೋಟೀನುಗಳಲ್ಲಿ ಹಳತಾದದ್ದನ್ನೂ ಕೆಟ್ಟದ್ದನ್ನೂ ಪ್ರೋಟಿಯಾಸೋಮ್ ಎಂಬ ಪೀಪಾಯಿ ಆಕಾರದ ಯಂತ್ರಕ್ಕೆ ತಳ್ಳುತ್ತದೆ. ಅಲ್ಲಿ ಅದು ಸಣ್ಣ ಸಣ್ಣ ತುಂಡುಗಳಾಗುತ್ತದೆ. ಈ ತುಂಡುಗಳಿಗೆ ಪೆಪ್ಟೈಡ್ ಎನ್ನುತ್ತೇವೆ. ಅವುಗಳಲ್ಲಿ ಒಂದಿಷ್ಟನ್ನು ಟ್ಯಾಪ್ ಎಂಬ ಸಾಗಣೆ ಪ್ರೋಟೀನು ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಚೀಲಕ್ಕೆ ಸಾಗಿಸುತ್ತದೆ. ಹಾಗೆ ಒಳಬರುವ ತುಂಡಿನ ಉದ್ದ ಸಾಮಾನ್ಯವಾಗಿ 8ರಿಂದ 16 ಅಮೈನೊ ಆಮ್ಲ (ಪ್ರೋಟೀನಿನ ಸರಪಳಿಯ ಒಂದೊಂದು ಕೊಂಡಿ). ಆದರೆ ಅದನ್ನು ಹಿಡಿದು ಹೊರಗೆ ಒಯ್ಯಬೇಕಾದ ಎಚ್‌ಎಲ್‌ಎ ಪ್ರೋಟೀನಿನ ತೋಡಿನಲ್ಲಿ ಕೂರುವುದು 8ರಿಂದ 10ರಷ್ಟು ಉದ್ದದ್ದು, ಅದರಲ್ಲೂ ಹೆಚ್ಚಾಗಿ 9ರದ್ದು. ಉದ್ದ ಮಿಕ್ಕಿದ್ದನ್ನು ಯಾರಾದರೂ ಕತ್ತರಿಸಬೇಕಲ್ಲ, ಅದು ಇರಾಪ್1ರ ಕೆಲಸ.

ಅದು ಕತ್ತರಿಸುವ ರೀತಿಯೂ ವಿಶಿಷ್ಟ. ತುಂಡಿನ ಎರಡು ತುದಿಗಳಲ್ಲಿ ಒಂದನ್ನು ಪ್ರೋಟಿಯಾಸೋಮ್ ಮೊದಲೇ ಸರಿಮಾಡಿ ಕಳಿಸಿರುತ್ತದೆ. ಇರಾಪ್1 ಇನ್ನೊಂದು ತುದಿಯಿಂದ, ಅಂದರೆ ಎನ್ ತುದಿಯಿಂದ, ಒಂದು ಸಲಕ್ಕೆ ಒಂದೇ ಅಮೈನೊ ಆಮ್ಲವನ್ನು ಕಳಚುತ್ತದೆ. ಉದ್ದ 8 ಅಥವಾ 9ಕ್ಕೆ ಬಂದಾಗ ಅದರ ಕೆಲಸ ತುಂಬಾ ನಿಧಾನವಾಗುತ್ತದೆ, ಹಾಗಾಗಿ ಆ ಅಳತೆಯ ತುಂಡುಗಳು ಉಳಿಯುತ್ತವೆ. ತುದಿಯಿಂದ ಎರಡನೆಯ ಜಾಗದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಇದ್ದರೆ ಅದಕ್ಕೆ ಕತ್ತರಿಸಲಾಗದು. ಕಿಣ್ವದ ಮಧ್ಯದಲ್ಲಿ ಒಂದು ಸತುವಿನ ಪರಮಾಣು ಕೂತಿರುತ್ತದೆ, ಅದಿಲ್ಲದೆ ಈ ಕೆಲಸ ಆಗದು.

ಅಳತೆಗೆ ಬಂದ ತುಂಡನ್ನು ಎಚ್‌ಎಲ್‌ಎ ಹಿಡಿದುಕೊಂಡು ಕೋಶದ ಮೈಮೇಲೆ ತಂದು ನಿಲ್ಲಿಸುತ್ತದೆ. ಕಾವಲು ತಿರುಗುವ ರಕ್ಷಣಾ ಕೋಶಗಳಾದ ಟಿ ಕೋಶಗಳಿಗೆ ಕೋಶದ ಒಳಗೆ ಇಣುಕಲು ಬೇರೆ ದಾರಿಯಿಲ್ಲ. ಅಡಿಕೆ ವ್ಯಾಪಾರಿ ಗೋಣಿ ಬಿಚ್ಚದೆ, ಒಂದು ಹಿಡಿ ಮಾದರಿ ತೆಗೆದು ನೋಡಿ ಇಡೀ ಗೋಣಿಗೆ ಬೆಲೆ ಕಟ್ಟುವಂತೆ, ಅವು ಈ ತುಂಡುಗಳನ್ನು ಮಾತ್ರ ನೋಡಿ ಈ ಕೋಶವನ್ನು ಬಿಡಬೇಕೋ ಕೊಲ್ಲಬೇಕೋ ಎಂದು ತೀರ್ಮಾನಿಸುತ್ತವೆ. ಮಾದರಿ ಬದಲಾದರೆ ತೀರ್ಪೂ ಬದಲಾಗುತ್ತದೆ.

ನಿಮ್ಮ ಮಗನ ವಿಷಯಕ್ಕೆ ಬರೋಣ. ಬಿ27 ಎಂಬುದು ಹೀಗೆ ತುಂಡು ಹಿಡಿಯುವ ಎಚ್‌ಎಲ್‌ಎ ಪ್ರೋಟೀನುಗಳ ಒಂದು ಬಗೆ. ಎರಡನೆಯ ಜಾಗದಲ್ಲಿ ಆರ್ಜಿನಿನ್ ಇರುವ ತುಂಡುಗಳೆಂದರೆ ಅದಕ್ಕೆ ಇಷ್ಟ. ಈ ಕಾಯಿಲೆಗೂ ಬಿ27ಕ್ಕೂ ಇರುವ ನಂಟು ಗೊತ್ತಾದದ್ದು 1973ರಲ್ಲಿ. ಇರಾಪ್1ರ ನಂಟು ತಿಳಿಯಲು 2007ರವರೆಗೆ ಕಾಯಬೇಕಾಯಿತು. 2011ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಇರಾಪ್1 ಜೀನಿನ ವ್ಯತ್ಯಾಸದ ಪರಿಣಾಮ ಮುಖ್ಯವಾಗಿ ಕಾಣುವುದು ಬಿ27 ಇರುವವರಲ್ಲಿ. ಒಂದು ಕತ್ತರಿಸುತ್ತದೆ, ಇನ್ನೊಂದು ಹಿಡಿದು ತೋರಿಸುತ್ತದೆ. ಎರಡರ ಕೆಲಸವೂ ಒಂದೇ ಸಾಲಿನಲ್ಲಿ ನಡೆಯುವುದರಿಂದ ಕಾಯಿಲೆಯ ಲೆಕ್ಕದಲ್ಲೂ ಅವು ಜೋಡಿಯಾಗಿಯೇ ಬರುತ್ತವೆ.

ಈ ಜೋಡಿ ಬೆನ್ನುಮೂಳೆಗೆ ಹೇಗೆ ತೊಂದರೆ ಕೊಡುತ್ತದೆ ಎಂಬುದಕ್ಕೆ ಎರಡು ಮೂರು ವಿವರಣೆಗಳಿವೆ. ಕೀಲಿನಲ್ಲಿರುವ ನಮ್ಮದೇ ಪ್ರೋಟೀನಿನ ತುಂಡೊಂದು ರೋಗಾಣುವಿನ ತುಂಡನ್ನು ಹೋಲುವುದರಿಂದ ಟಿ ಕೋಶಗಳು ಮೋಸಹೋಗುತ್ತವೆ ಎಂಬುದು ಒಂದು. ಸರಿಯಾದ ತುಂಡು ಸಿಗದೆ ಬಿ27 ಅಡ್ಡಾದಿಡ್ಡಿ ಮಡಚಿಕೊಂಡು ಕೋಶದೊಳಗೆ ಒತ್ತಡ ಹುಟ್ಟಿಸುತ್ತದೆ ಎಂಬುದು ಇನ್ನೊಂದು. ಬಿ27 ಎರಡೆರಡು ಜೋಡಿಯಾಗಿ ಮೈಮೇಲೆ ನಿಂತು ಬೇರೆ ರಕ್ಷಣಾ ಕೋಶಗಳನ್ನು ಕೆರಳಿಸುತ್ತದೆ ಎಂಬುದು ಮೂರನೆಯದು. ಮೂರರಲ್ಲೂ ತುಂಡಿನ ಅಳತೆಗೆ ಪಾತ್ರವಿದೆ. ಹಾಗೆಂದ ಮಾತ್ರಕ್ಕೆ ಮಗನ ಇಂದಿನ ಚಿಕಿತ್ಸೆ ಬದಲಾಗುವುದಿಲ್ಲ. ನೋವಿನ ಮಾತ್ರೆ, ದಿನಾ ವ್ಯಾಯಾಮ, ಬೇಕಾದರೆ ಜೈವಿಕ ಇಂಜೆಕ್ಷನ್, ಇದೇ ಕ್ರಮ ಈಗಲೂ. ಸಿಗರೇಟು ಸೇದುವ ಅಭ್ಯಾಸವಿದ್ದರೆ ಬಿಡಿಸಲೇಬೇಕು. ಅದು ಬೆನ್ನುಮೂಳೆ ಬೆಸೆದುಕೊಳ್ಳುವುದನ್ನು ಬೇಗಗೊಳಿಸುತ್ತದೆ.

ಪ್ರಶ್ನೆ (ಮುಳ್ಳೇರಿಯಾ): ನನ್ನ ಅಣ್ಣನಿಗೆ ಇದೇ ಕಾಯಿಲೆ. ನನಗೆ 22, ನೋವೇನೂ ಇಲ್ಲ. ನಾನೂ ಬಿ27 ಮಾಡಿಸಬೇಕೇ? ಇರಾಪ್1 ಜೀನ್ ಪರೀಕ್ಷೆಯೂ ಇದೆಯಂತೆ, ಮಾಡಿಸಿದರೆ ಒಳ್ಳೆಯದೇ?

ಉತ್ತರ: ನೋವಿಲ್ಲದಿದ್ದರೆ ಎರಡೂ ಬೇಡ. ಅಣ್ಣನಲ್ಲಿರುವ ಬಿ27 ನಿಮಗೂ ಬಂದಿರುವ ಸಾಧ್ಯತೆ ಸುಮಾರು ಅರ್ಧ. ಬಂದಿದ್ದರೂ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಬಿ27 ಇರುವ ಜನರಲ್ಲಿ ಈ ಕಾಯಿಲೆ ಬರುವುದು ನೂರರಲ್ಲಿ ಬೆರಳೆಣಿಕೆಯವರಿಗೆ. ಮನೆಯಲ್ಲಿ ಒಡಹುಟ್ಟಿದವರಿಗೆ ಕಾಯಿಲೆ ಇದ್ದು ತಾವೂ ಪಾಸಿಟಿವ್ ಆದವರಲ್ಲಿ ಆ ಲೆಕ್ಕ 10ರಿಂದ 20ಕ್ಕೆ ಏರುತ್ತದೆ. ಏರಿದರೂ ಹೆಚ್ಚಿನವರು ಆರಾಮವಾಗಿಯೇ ಇರುತ್ತಾರೆ. ಪಾಸಿಟಿವ್ ಎಂಬ ಕಾಗದ ಕೈಗೆ ಬಂದರೆ ಪ್ರತಿ ಸಣ್ಣ ಬೆನ್ನುನೋವಿಗೂ ಎದೆ ಧಸಕ್ಕೆನ್ನುತ್ತದೆ, ಪ್ರಯೋಜನ ಅಷ್ಟೇ.

ಇರಾಪ್1 ಪರೀಕ್ಷೆಯಂತೂ ಸಂಶೋಧನೆಗೆ ಬೇಕಾದದ್ದು. ಈ ಜೀನಿನ ಒಂದೊಂದು ಬಗೆಯಿಂದ ಅಪಾಯ ಹೆಚ್ಚುವುದೂ ಕಡಿಮೆಯಾಗುವುದೂ ತೀರಾ ಸ್ವಲ್ಪ. ಸಾವಿರಾರು ಜನರನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಮಾತ್ರ ಆ ವ್ಯತ್ಯಾಸ ಕಾಣುತ್ತದೆ. ಒಬ್ಬ ವ್ಯಕ್ತಿಗೆ ಅದರಿಂದ ಏನನ್ನೂ ಹೇಳಲಾಗದು. ಅದಕ್ಕೆ ಹಣ ಕೊಡಬೇಡಿ.

ನೀವು ಗಮನಿಸಬೇಕಾದದ್ದು ನೋವಿನ ಸ್ವಭಾವವನ್ನು. 45 ವರ್ಷದ ಒಳಗೆ ಶುರುವಾಗಿ ಮೂರು ತಿಂಗಳು ಮೀರಿದ್ದು, ಮಲಗಿದಷ್ಟೂ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುವುದು, ರಾತ್ರಿಯ ಎರಡನೇ ಅರ್ಧದಲ್ಲಿ ಎಬ್ಬಿಸುವುದು, ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತ, ಪೃಷ್ಠದ ನೋವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೋಗುವುದು, ಇವು ಕಂಡರೆ ಸಂಧಿವಾತ ತಜ್ಞರನ್ನು ನೋಡಿ. ತೋಟದಲ್ಲಿ ಭಾರ ಎತ್ತಿ ಬಂದ ನೋವು ಹೀಗಿರುವುದಿಲ್ಲ, ಅದು ವಿಶ್ರಾಂತಿಗೆ ಇಳಿಯುತ್ತದೆ. ಎಕ್ಸ್‌ರೇ ಹಲವು ವರ್ಷ ಸರಿಯಾಗಿಯೇ ಕಾಣಬಹುದು. ಆಗ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ ಬೇಕಾಗುತ್ತದೆ. ಇಡೀ ಬೆನ್ನಿನದ್ದು ಬೇಡ, ಬಣ್ಣದ ಇಂಜೆಕ್ಷನ್ನೂ ಸಾಮಾನ್ಯವಾಗಿ ಬೇಡ. ಚೀಟಿಯಲ್ಲಿ ‘ಸ್ಟಿರ್’ ಚಿತ್ರ ಸೇರಿದೆಯೇ ಎಂದು ಕೇಳಿಕೊಳ್ಳಿ. ಉರಿಯೂತ ಹೊಳೆದು ಕಾಣುವುದು ಅದರಲ್ಲೇ.

ಕಣ್ಣಿನ ಬಗ್ಗೆ ಒಂದು ಮಾತು. ಒಂದೇ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅದು ಊರಿಡೀ ಹರಡುವ ಕೆಂಗಣ್ಣು ಅಲ್ಲದಿರಬಹುದು. ಬಿ27 ಇರುವವರಿಗೆ ಬರುವ ಯುವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಹೀಗೆಯೇ ಶುರುವಾಗುತ್ತದೆ. ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ಡ್ರಾಪ್ಸ್ ಹಾಕಿ ಕಾಯಬೇಡಿ. ಮರುದಿನದೊಳಗೆ ಸ್ಲಿಟ್ ಲ್ಯಾಂಪ್ ಇರುವ ಕಣ್ಣಿನ ಆಸ್ಪತ್ರೆಗೆ ಹೋಗಿ.

ಮುಂದೆ ನೋವು ಬಂದು ಬಿ27 ಮಾಡಿಸಬೇಕಾದರೆ ಹೊಟ್ಟೆ ಖಾಲಿ ಇರಬೇಕಿಲ್ಲ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2-3 ಮಿ.ಲೀ. ರಕ್ತ ಸಾಕು. ಜೀವಮಾನಕ್ಕೆ ಒಮ್ಮೆ ಮಾಡಿಸಿದರಾಯಿತು. ಫ್ಲೋ ಸೈಟೋಮೆಟ್ರಿ ವಿಧಾನದಲ್ಲಿ ಜೀವಂತ ಕೋಶ ಬೇಕು, ಹಾಗಾಗಿ ಟ್ಯೂಬನ್ನು ಫ್ರಿಜ್ಜಿನಲ್ಲಿಡದೆ ಒಂದೆರಡು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಇಲ್ಲಿಂದ ರಕ್ತ ಮಂಗಳೂರಿಗೋ ಇನ್ನೂ ದೂರಕ್ಕೋ ಹೋಗುವುದರಿಂದ ಶನಿವಾರ ಸಂಜೆ ಕೊಡಬೇಡಿ, ಸೋಮವಾರ ಬೆಳಗ್ಗೆ ಕೊಡಿ. ಈ ವಿಧಾನದಲ್ಲಿ ಬಿ7 ಎಂಬ ಹತ್ತಿರದ ಬಗೆಯೂ ಕೆಲವೊಮ್ಮೆ ಬಿ27ರಂತೆ ಕಾಣುತ್ತದೆ. ವರದಿಯಲ್ಲಿ ಅನುಮಾನ ಎಂದಿದ್ದರೆ ಪಿಸಿಆರ್ ವಿಧಾನದಲ್ಲಿ ಇನ್ನೊಮ್ಮೆ ನೋಡಬೇಕು.

ಪ್ರಶ್ನೆ (ಉಪ್ಪಳ): ಕಿಣ್ವದ್ದೇ ತೊಂದರೆಯಾದರೆ ಎನ್‌ಜೈಮ್ ಮಾತ್ರೆ ತೆಗೆದುಕೊಂಡರೆ ಆಗದೇ? ಊತಕ್ಕೆಂದು ಕೊಡುವ ಟ್ರಿಪ್ಸಿನ್ ಮಾತ್ರೆ ಮನೆಯಲ್ಲಿದೆ. ಕುಚ್ಚಲಕ್ಕಿ ಅನ್ನ ಬಿಡಬೇಕು ಎಂದೂ ಒಬ್ಬರು ಹೇಳಿದರು.

ಉತ್ತರ: ಆಗದು. ಟ್ರಿಪ್ಸಿನ್-ಕೈಮೊಟ್ರಿಪ್ಸಿನ್, ಸೆರಾಶಿಯೋಪೆಪ್ಟಿಡೇಸ್, ಪಪಾಯಿ ಅಥವಾ ಅನಾನಸಿನ ಕಿಣ್ವ, ಇವು ಯಾವುವೂ ಕೋಶದೊಳಗಿನ ಆ ಚೀಲಕ್ಕೆ ಹೋಗಿ ಇರಾಪ್1ರ ಕೆಲಸ ಮಾಡುವುದಿಲ್ಲ. ಇಲ್ಲಿ ಕಿಣ್ವದ ಕೊರತೆಯೂ ಇಲ್ಲ. ಸ್ಪಾಂಡಿಲೈಟಿಸ್‌ನಲ್ಲಿ ಅಪಾಯ ತರುವುದು ಚುರುಕಾಗಿ ಕತ್ತರಿಸುವ ಬಗೆ. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿಗಳಿಗೂ ಇದೇ ಉತ್ತರ. ಈ ಕಾಯಿಲೆಯಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ಅದು ತಪ್ಪು ಗುರಿಗೆ ಹೊಡೆಯುತ್ತಿದೆ.

ಕುಚ್ಚಲಕ್ಕಿ ಬಿಡಬೇಕಿಲ್ಲ. ಪಿಷ್ಟ ಕಡಿಮೆ ಮಾಡಿದರೆ ಕರುಳಿನ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕಡಿಮೆಯಾಗಿ ನೋವು ಇಳಿಯುತ್ತದೆ ಎಂಬ ವಾದ ಹಳೆಯದು, ಅದನ್ನು ಸಮರ್ಥಿಸುವ ದೊಡ್ಡ ಪ್ರಯೋಗ ನಡೆದಿಲ್ಲ. ಗಂಜಿ ಬಿಟ್ಟು ಸೊರಗುವುದಕ್ಕಿಂತ, ಉಂಡು ದಿನಾ ಅರ್ಧ ಗಂಟೆ ಬೆನ್ನು ಬಗ್ಗಿಸುವ ವ್ಯಾಯಾಮ ಮಾಡುವುದು ಮೇಲು. ರಾತ್ರಿ ತೆಳ್ಳಗಿನ ದಿಂಬು ಸಾಕು. ದಿನಕ್ಕೆ 15 ನಿಮಿಷ ಬೋರಲಾಗಿ ಮಲಗಿದರೆ ಬೆನ್ನು ಮುಂದಕ್ಕೆ ಬಾಗುವುದು ತಪ್ಪುತ್ತದೆ.

ಪ್ರಶ್ನೆ (ಕುಂಬಳೆ): ನನ್ನ ಯಜಮಾನರಿಗೆ ಮಾತ್ರೆಯಲ್ಲಿ ನೋವು ಇಳಿಯಲಿಲ್ಲವೆಂದು ಅಡಲಿಮುಮಾಬ್ ಇಂಜೆಕ್ಷನ್ ಬರೆದಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎರಡು ದಿನ ಇಲ್ಲದ್ದೂ ಇದೆ. ಮದ್ದು ಹಾಳಾಗದಂತೆ ಇಡುವುದು ಹೇಗೆ? ಮೊದಲು ಟಿಬಿ ಪರೀಕ್ಷೆ ಯಾಕೆ?

ಉತ್ತರ: ಟಿಬಿಯಿಂದ ಶುರುಮಾಡೋಣ. ಅಡಲಿಮುಮಾಬ್ ತಡೆಯುವುದು ಟಿಎನ್‌ಎಫ್ ಎಂಬ ಸಂದೇಶವಾಹಕವನ್ನು. ಕೀಲನ್ನು ಸುಡುವುದೂ ಅದೇ, ಶ್ವಾಸಕೋಶದಲ್ಲಿ ಸುಮ್ಮನೆ ಮಲಗಿರುವ ಟಿಬಿ ಬ್ಯಾಕ್ಟೀರಿಯಾಗಳ ಸುತ್ತ ಗೋಡೆ ಕಟ್ಟಿ ಹಿಡಿದಿಡುವುದೂ ಅದೇ. ಅದನ್ನು ತಡೆದರೆ ಗೋಡೆ ಸಡಿಲವಾಗುತ್ತದೆ. ಆದ್ದರಿಂದ ಎದೆಯ ಎಕ್ಸ್‌ರೇ, ಜೊತೆಗೆ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಅಥವಾ ಇಗ್ರಾ ಎಂಬ ರಕ್ತಪರೀಕ್ಷೆ ಆಗಬೇಕು. ಮಾಂಟೂ ಹಾಕಿದ 48ರಿಂದ 72 ಗಂಟೆಯೊಳಗೆ ಅದೇ ಕಡೆ ಹೋಗಿ ಅಳೆಯಿಸಿಕೊಳ್ಳಬೇಕು, ತಡವಾದರೆ ಲೆಕ್ಕಕ್ಕಿಲ್ಲ. ಅಳೆಯುವುದು ಕೆಂಪನ್ನಲ್ಲ, ಗಟ್ಟಿಯಾದ ಉಬ್ಬನ್ನು. ಮಲಗಿರುವ ಟಿಬಿ ಸಿಕ್ಕಿದರೆ ಅದರ ಮಾತ್ರೆ ಶುರುವಾಗಿ ಕನಿಷ್ಠ ಒಂದು ತಿಂಗಳು ಆದ ಮೇಲೆ ಇಂಜೆಕ್ಷನ್. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯೂ ಇದೇ ಹಂತದಲ್ಲಿ ಆಗಬೇಕು.

ಇನ್ನು ಸಂಗ್ರಹ. ಅಡಲಿಮುಮಾಬ್ ಸಾಮಾನ್ಯ ಪ್ರಮಾಣ 40 ಮಿ.ಗ್ರಾಂ., ಎರಡು ವಾರಕ್ಕೊಮ್ಮೆ ಚರ್ಮದ ಅಡಿಗೆ. ಇಡಬೇಕಾದ ಉಷ್ಣತೆ 2ರಿಂದ 8 ಡಿಗ್ರಿ. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಪೆಟ್ಟಿಗೆಯೊಳಗೇ ಇಡಿ. ಬಾಗಿಲಿನಲ್ಲಿಟ್ಟರೆ ತೆರೆದಾಗೆಲ್ಲ ಬಿಸಿಯಾಗುತ್ತದೆ, ಫ್ರೀಜರಿನ ಗೋಡೆಗೆ ತಾಗಿಸಿಟ್ಟರೆ ಹೆಪ್ಪುಗಟ್ಟುತ್ತದೆ. ಜನ ಹೆದರುವುದು ಬಿಸಿಗೆ, ಆದರೆ ಮದ್ದು ಹೆಚ್ಚಾಗಿ ಹಾಳಾಗುವುದು ಹೆಪ್ಪುಗಟ್ಟಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿ ಮೊದಲಿನಂತೆ ಕಂಡರೂ ಎಸೆಯಲೇಬೇಕು. ಮಂಗಳೂರಿನಿಂದ ತರುವಾಗ ಐಸ್ ಪ್ಯಾಕಿಗೂ ಪೆಟ್ಟಿಗೆಗೂ ನಡುವೆ ಒಂದು ದಪ್ಪ ಬಟ್ಟೆ ಇರಲಿ.

ಮೂಲ ಕಂಪನಿಯ ಮದ್ದನ್ನು 25 ಡಿಗ್ರಿ ಮೀರದಂತೆ ಹೊರಗೆ 14 ದಿನದವರೆಗೆ ಇಡಬಹುದು ಎಂದು ಅದರ ಚೀಟಿ ಹೇಳುತ್ತದೆ. ಅದನ್ನೇ ಹೋಲುವಂತೆ ಬೇರೆ ಕಂಪನಿಗಳು ತಯಾರಿಸಿ ನಮ್ಮಲ್ಲಿ ಸಿಗುವ ಬಯೋಸಿಮಿಲರ್‌ಗಳ ಮಿತಿ ಬೇರೆ ಇರಬಹುದು, ಪೆಟ್ಟಿಗೆಯೊಳಗಿನ ಕಾಗದ ಓದಿ ಅದನ್ನೇ ಪಾಲಿಸಿ. ಕರಾವಳಿಯ ಮನೆಯೊಳಗೆ 25 ಡಿಗ್ರಿ ಸಿಗುವುದು ಮಳೆಗಾಲದ ರಾತ್ರಿ ಮಾತ್ರ ಎಂಬುದನ್ನು ಮರೆಯಬೇಡಿ. ಕರೆಂಟ್ ಹೋದಾಗ ಫ್ರಿಜ್ ತೆರೆಯದಿದ್ದರೆ ಮೂರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಅದಕ್ಕೂ ಮೀರಿದರೆ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಇರುವ ಡಬ್ಬಕ್ಕೆ ವರ್ಗಾಯಿಸಿ. ಫ್ರಿಜ್ಜಿನೊಳಗೆ ಇಡುವ ಸಣ್ಣ ಥರ್ಮಾಮೀಟರು ಮಳೆಗಾಲಕ್ಕೆ ಮೊದಲೇ ಕೊಂಡಿಡಿ. ಒಂದೊಂದೇ ಡೋಸ್ ತಂದರೆ ನಷ್ಟವೂ ಕಡಿಮೆ.

ಚುಚ್ಚುವ ಮೊದಲು 15ರಿಂದ 30 ನಿಮಿಷ ಹೊರಗಿಡಿ. ತಣ್ಣಗಿದ್ದರೆ ಉರಿ ಹೆಚ್ಚು. ಬಿಸಿನೀರಿನಲ್ಲಿ ಇಡಬೇಡಿ, ಅಲ್ಲಾಡಿಸಬೇಡಿ. ತೊಡೆಯ ಮುಂಭಾಗ ಅಥವಾ ಹೊಕ್ಕುಳಿನಿಂದ ನಾಲ್ಕು ಬೆರಳು ದೂರದ ಹೊಟ್ಟೆ, ಪ್ರತಿ ಸಲ ಜಾಗ ಬದಲಿಸಿ. ದ್ರವ ಮಬ್ಬಾಗಿದ್ದರೆ ಬಳಸಬಾರದು.

ತೋಟದಲ್ಲಿ ಕೆಲಸ ಮಾಡುವವರಾದರೆ ಇನ್ನೊಂದು ಎಚ್ಚರಿಕೆ. ಮಳೆಗಾಲದಲ್ಲಿ ಜ್ವರ ಬಂದರೆ ಆ ಸಲದ ಇಂಜೆಕ್ಷನ್ ತೆಗೆದುಕೊಳ್ಳದೆ ಡಾಕ್ಟರನ್ನು ನೋಡಿ, ‘ನಾನು ಟಿಎನ್‌ಎಫ್ ತಡೆಯುವ ಮದ್ದಿನಲ್ಲಿದ್ದೇನೆ’ ಎಂದು ಮೊದಲೇ ಹೇಳಿ. ಇಲಿಜ್ವರವೋ ಡೆಂಗಿಯೋ ಟಿಬಿಯೋ ಎಂದು ಬೇಗ ತಿಳಿಯಬೇಕು. ಗಾಯವಿರುವ ಕಾಲಲ್ಲಿ ಕೆಸರಿಗೆ ಇಳಿಯಬೇಡಿ, ಗಮ್‌ಬೂಟು ಹಾಕಿ.

ಪ್ರಶ್ನೆ (ನೀರ್ಚಾಲು): ನಾನು ವಿಜ್ಞಾನ ಅಧ್ಯಾಪಿಕೆ. ಚುರುಕಾದ ಇರಾಪ್1 ಕೆಟ್ಟದ್ದಾದರೆ ನಿಧಾನದ್ದು ಒಳ್ಳೆಯದೆಂದು ಅರ್ಥವೇ? ಹಾಗಿದ್ದರೆ ಚುರುಕಿನದ್ದು ಇಷ್ಟು ಜನರಲ್ಲಿ ಉಳಿದದ್ದು ಯಾಕೆ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಈ ವಿಷಯದ ತಿರುಳೇ ಇದು. ಇರಾಪ್1ರ 528ನೇ ಜಾಗದಲ್ಲಿ ಕೆಲವರಿಗೆ ಲೈಸಿನ್, ಕೆಲವರಿಗೆ ಆರ್ಜಿನಿನ್. ಆರ್ಜಿನಿನ್ ಇದ್ದರೆ ಕಿಣ್ವ ನಿಧಾನ. ಬಿ27 ಇದ್ದವರಿಗೆ ಅದು ಸ್ಪಾಂಡಿಲೈಟಿಸ್‌ನಿಂದ ಸ್ವಲ್ಪ ರಕ್ಷಣೆ ಕೊಡುತ್ತದೆ. ಈಗ ಬೆಶೆಟ್ ಕಾಯಿಲೆ ನೋಡಿ. ಬಾಯಿಯಲ್ಲೂ ಜನನಾಂಗದಲ್ಲೂ ಪದೇ ಪದೇ ಹುಣ್ಣು, ಕಣ್ಣಿನಲ್ಲಿ ಉರಿಯೂತ. ಅದರ ನಂಟು ಎಚ್‌ಎಲ್‌ಎ-ಬಿ51 ಜೊತೆ. ಅಲ್ಲಿ ತಂದೆ ತಾಯಿ ಇಬ್ಬರಿಂದಲೂ ತೀರಾ ನಿಧಾನದ ಇರಾಪ್1 ಬಂದವರಿಗೇ ಅಪಾಯ ಹೆಚ್ಚು ಎಂದು 2013ರಲ್ಲಿ ಗೊತ್ತಾಯಿತು. ಅಂದರೆ ನಿಧಾನದ ಕಿಣ್ವ ಒಬ್ಬರ ಬೆನ್ನನ್ನು ಕಾಯುತ್ತದೆ, ಇನ್ನೊಬ್ಬರ ಕಣ್ಣಿಗೆ ಕುತ್ತು ತರುತ್ತದೆ. ಯಾವ ತುಂಡು ಬೇಕು ಎಂಬುದನ್ನು ತೀರ್ಮಾನಿಸುವುದು ಅದನ್ನು ಹಿಡಿಯುವ ಎಚ್‌ಎಲ್‌ಎ. ಆದ್ದರಿಂದ ಇರಾಪ್1ರ ಬಗೆಯನ್ನು ಎಚ್‌ಎಲ್‌ಎ ನೋಡದೆ ಒಳ್ಳೆಯದು ಕೆಟ್ಟದ್ದು ಎನ್ನುವುದಕ್ಕೆ ಅರ್ಥವಿಲ್ಲ.

ಸೋರಿಯಾಸಿಸ್‌ನಲ್ಲೂ ಇದೇ ಜೋಡಿ ಆಟ. ಅಲ್ಲಿ ಎಚ್‌ಎಲ್‌ಎ-ಸಿ06 ಜೊತೆ ಇರಾಪ್1ರ ನಂಟು 2010ರಲ್ಲಿ ಕಂಡಿತು. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶದಲ್ಲಿ ಉದ್ದವಾದ ತುಂಡೊಂದನ್ನು ಇರಾಪ್1 ಕತ್ತರಿಸಿ ಟಿ ಕೋಶಗಳ ಗುರಿಯಾಗುವಂತೆ ಮಾಡುವುದನ್ನು ಆಮೇಲೆ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಕಣ್ಣಿನ ಹಿಂಭಾಗದ ಬರ್ಡ್‌ಶಾಟ್ ಎಂಬ ಅಪರೂಪದ ಕಾಯಿಲೆ ಬರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎಚ್‌ಎಲ್‌ಎ-ಎ29 ಇರುತ್ತದೆ, ಅದರ ನಂಟು ಇರಾಪ್2 ಜೊತೆ.

ಇರಾಪ್2 ಪಕ್ಕದ ಜೀನ್. ಎರಡೂ 5ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ. ಇರಾಪ್1ಕ್ಕೆ ಲ್ಯೂಸಿನ್‌ನಂಥವು ತುದಿಯಲ್ಲಿದ್ದರೆ ಕತ್ತರಿಸಲು ಸುಲಭ, ಇರಾಪ್2ಕ್ಕೆ ಆರ್ಜಿನಿನ್ ಮತ್ತು ಲೈಸಿನ್. ಸುಮಾರು ಕಾಲು ಭಾಗ ಜನರಲ್ಲಿ ಇರಾಪ್2 ತಯಾರೇ ಆಗುವುದಿಲ್ಲ, ಆದರೂ ಅವರು ಆರೋಗ್ಯವಾಗಿದ್ದಾರೆ. ಬಗೆಬಗೆಯ ರೋಗಾಣುಗಳು ಬಂದುಹೋದ ಮನುಷ್ಯಕುಲದಲ್ಲಿ ಕತ್ತರಿಸುವ ಬಗೆಗಳೂ ಹಲವು ಇದ್ದರೆ, ಒಂದೇ ರೋಗಾಣು ಎಲ್ಲರ ಕಣ್ಣಿಗೆ ಮಣ್ಣೆರಚಲಾರದು. ಚುರುಕಿನದ್ದೂ ನಿಧಾನದ್ದೂ ಎರಡೂ ಬಗೆ ಉಳಿದದ್ದಕ್ಕೆ ಇದೇ ಕಾರಣವಿರಬೇಕು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ, ನಮ್ಮದೂ ಹೌದು. ಅದೇ ಕುಟುಂಬದ ಮೂರನೆಯ ಕಿಣ್ವ ಐರಾಪ್ ಗರ್ಭಿಣಿಯರಲ್ಲಿ ಆಕ್ಸಿಟೋಸಿನ್ ಹಾರ್ಮೋನನ್ನೂ ಕತ್ತರಿಸುತ್ತದೆ ಎಂಬುದನ್ನು ತರಗತಿಯಲ್ಲಿ ಹೇಳಿ, ಮಕ್ಕಳು ಕಿವಿನಿಮಿರಿಸುತ್ತಾರೆ.

ಪ್ರಶ್ನೆ (ಮಂಜೇಶ್ವರ): ನಮ್ಮ ಭಾವನಿಗೆ 54 ವರ್ಷ. ಎಲೆಯಡಿಕೆ, ಹೊಗೆಸೊಪ್ಪು ಹಾಕುತ್ತಿದ್ದರು. ಕೆನ್ನೆಯ ಕ್ಯಾನ್ಸರ್ ಆಪರೇಷನ್ ಆಗಿ ರೇಡಿಯೇಷನ್ ಮುಗಿದು, ಈಗ ಮತ್ತೆ ಬಂದಿದೆ. ಇಮ್ಯುನೋಥೆರಪಿ ಕೊಡೋಣ ಎಂದಿದ್ದಾರೆ. ಕ್ಯಾನ್ಸರನ್ನು ದೇಹ ತಾನೇ ಗುರುತಿಸದೇ ಇರುವುದು ಯಾಕೆ? ಈ ಕಿಣ್ವಕ್ಕೂ ಅದಕ್ಕೂ ಸಂಬಂಧವಿದೆಯೇ? ಖರ್ಚು ತಡೆಯಲು ದಾರಿ ಇದೆಯೇ?

ಉತ್ತರ: ಸಂಬಂಧವಿದೆ. ಕ್ಯಾನ್ಸರ್ ಕೋಶದ ಡಿಎನ್‌ಎಯಲ್ಲಿ ತಪ್ಪುಗಳು ಸೇರಿದಾಗ ಅದರ ಪ್ರೋಟೀನುಗಳೂ ಬದಲಾಗುತ್ತವೆ. ಆ ಬದಲಾದ ತುಂಡು ಕೋಶದ ಮೈಮೇಲೆ ಬಂದರೆ ಟಿ ಕೋಶಕ್ಕೆ ‘ಇದು ನಮ್ಮದಲ್ಲ’ ಎಂದು ತಿಳಿಯುತ್ತದೆ. ಇರಾಪ್1 ಕೆಲವು ಸಲ ಆ ತುಂಡನ್ನು ಸರಿಯಾದ ಅಳತೆಗೆ ತಂದು ತೋರಿಸಲು ನೆರವಾಗುತ್ತದೆ, ಕೆಲವು ಸಲ ಇನ್ನಷ್ಟು ಕತ್ತರಿಸಿ ನಾಶಮಾಡಿಬಿಡುತ್ತದೆ. ಇಲಿಗಳ ಕರುಳಿನ ಕ್ಯಾನ್ಸರಿನಲ್ಲಿ ಈ ಕಿಣ್ವವನ್ನು ತಡೆದಾಗ ಮೊದಲು ನಾಶವಾಗುತ್ತಿದ್ದ ತುಂಡು ಉಳಿದು ಟಿ ಕೋಶಗಳು ಎಚ್ಚೆತ್ತವು. ಈ ತಳಹದಿಯ ಮೇಲೆ ಇರಾಪ್1 ತಡೆಯುವ ಔಷಧವೊಂದನ್ನು 2023ರಿಂದ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ, ಅದಕ್ಕಾಗಿ ಭಾವನ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬೇಡಿ.

ಈಗ ಕೊಡುವ ಇಮ್ಯುನೋಥೆರಪಿ ಕೆಲಸ ಮಾಡುವುದು ಬೇರೆ ಕಡೆ. ತುಂಡು ಕಂಡ ಟಿ ಕೋಶ ಹೊಡೆಯಲು ಬಂದಾಗ ಕ್ಯಾನ್ಸರ್ ಕೋಶ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಅದನ್ನು ಸುಮ್ಮನಾಗಿಸುತ್ತದೆ. ನಿವೊಲುಮಾಬ್, ಪೆಂಬ್ರೊಲಿಝುಮಾಬ್ ಔಷಧಗಳು ಟಿ ಕೋಶದ ಪಿಡಿ-1ಕ್ಕೆ ಅಂಟಿಕೊಂಡು ಈ ತಡೆಯನ್ನು ಬಿಡಿಸುತ್ತವೆ. ಈ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆದರೆ ತಡೆ ಬಿಡಿಸಿದರೂ ನೋಡಲು ತುಂಡೇ ಇಲ್ಲದಿದ್ದರೆ ಪ್ರಯೋಜನವಿಲ್ಲ. ಕೆಲವು ಕ್ಯಾನ್ಸರ್‌ಗಳು ಟ್ಯಾಪ್ ಪ್ರೋಟೀನನ್ನೋ, ಎಚ್‌ಎಲ್‌ಎಗೆ ಆಧಾರವಾಗಿರುವ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಅನ್ನೋ ಕಳೆದುಕೊಂಡು ಮರೆಯಾಗುತ್ತವೆ. ಇಮ್ಯುನೋಥೆರಪಿ ಕೆಲವರಲ್ಲಿ ಫಲಿಸದಿರಲು, ಇಲ್ಲವೇ ಫಲಿಸಿ ನಂತರ ಸೋಲಲು ಇದೊಂದು ಕಾರಣ.

ಖರ್ಚಿನ ಬಗ್ಗೆ ನಮ್ಮ ದೇಶದ್ದೇ ಕೆಲಸವೊಂದನ್ನು ಹೇಳಬೇಕು. ನಿವೊಲುಮಾಬಿನ ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿ.ಗ್ರಾಂ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ-ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನಲ್ಲಿ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಕೊಟ್ಟು, ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳನ್ನು ಸೇರಿಸಿ ನೋಡಿದರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16.3, ನಿವೊಲುಮಾಬ್ ಸೇರಿಸಿದವರಲ್ಲಿ 43.4. ಬಡವರಿಗೆ ಈ ಔಷಧವನ್ನು ಹತ್ತಿರ ತಂದ ಪ್ರಯೋಗ ಇದು. ‘ನಮ್ಮ ರೋಗಿಗೆ ಕಡಿಮೆ ಪ್ರಮಾಣದ ನಿವೊಲುಮಾಬ್ ಹೊಂದುತ್ತದೆಯೇ’ ಎಂದು ನಿಮ್ಮ ಡಾಕ್ಟರಲ್ಲಿ ಸಂಕೋಚವಿಲ್ಲದೆ ಕೇಳಿ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವುದೋ ಮಂಗಳೂರಿಗೋ ಎಂದು ತೀರ್ಮಾನಿಸುವ ಮೊದಲು, ನಿಮ್ಮ ವಿಮಾ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ಆಯಾ ಆಸ್ಪತ್ರೆಯ ಕೌಂಟರಿನಲ್ಲೇ ವಿಚಾರಿಸಿ. ಗಡಿ ದಾಟಿದ ಮೇಲೆ ತಿಳಿದರೆ ಕಷ್ಟ.

ಪಿಡಿ-ಎಲ್1 ಪರೀಕ್ಷೆಗೆ ಆಪರೇಷನ್ನಿನ ಸಮಯದ ಮೇಣದ ಬ್ಲಾಕ್ (ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಬೇಕಾಗುತ್ತದೆ. ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟು, ಬಯಾಪ್ಸಿ ನಂಬರು ಬರೆದು ಪಡೆಯಿರಿ. ಒಂದೇ ಬ್ಲಾಕ್ ಇದ್ದರೆ ಬಣ್ಣ ಹಾಕದ ಸ್ಲೈಡುಗಳನ್ನು ಕತ್ತರಿಸಿಕೊಡಲು ಕೇಳಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬ್ಲಾಕ್ ಬಿಟ್ಟುಹೋಗಬೇಡಿ. ಮೇಣ ಮೆತ್ತಗಾದರೆ ಮತ್ತೆ ತೆಳ್ಳಗೆ ಕತ್ತರಿಸುವುದು ಕಷ್ಟ. ಅಡಿಕೆ, ಹೊಗೆಸೊಪ್ಪು ಎರಡನ್ನೂ ಈಗಲಾದರೂ ಪೂರ್ತಿ ಬಿಡಿಸಿ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಗುರುತಿಸಿ ಎಷ್ಟೋ ವರ್ಷವಾಯಿತು. ಅಡಿಕೆಯೇ ಜೀವನಾಧಾರವಾಗಿರುವ ಊರಿನಲ್ಲಿ ಈ ಮಾತು ಕಹಿ, ಆದರೆ ಹೇಳದೆ ಇರಲಾಗದು.

ಪ್ರಶ್ನೆ (ಪೆರ್ಲ): ನನ್ನ ತಾಯಿಗೆ ಮೊದಲಿನಿಂದ ಸೋರಿಯಾಸಿಸ್ ಇದೆ. ಈಗ ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೋಥೆರಪಿ ಎನ್ನುತ್ತಿದ್ದಾರೆ. ಒಂದು ಕಡೆ ರಕ್ಷಣಾ ಕೋಶಗಳು ಮೈಮೇಲೆ ಬಿದ್ದಿವೆ, ಇನ್ನೊಂದು ಕಡೆ ಅವನ್ನೇ ಎಬ್ಬಿಸುವ ಮದ್ದು. ಕೊಡಬಹುದೇ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಕೊಡಬಹುದು, ಕಣ್ಣಿಟ್ಟು ಕೊಡಬೇಕು. ಸೋರಿಯಾಸಿಸ್ ಉಲ್ಬಣಿಸುವ ಸಾಧ್ಯತೆ ಖಂಡಿತ ಇದೆ, ಸಾಮಾನ್ಯವಾಗಿ ಮುಲಾಮಿನಲ್ಲಿ ಹತೋಟಿಗೆ ಬರುತ್ತದೆ. ಚರ್ಮತಜ್ಞರನ್ನು ಮೊದಲ ಡೋಸಿಗೆ ಮುಂಚೆಯೇ ಕಂಡು, ಉಲ್ಬಣಿಸಿದರೆ ಏನು ಮಾಡಬೇಕು ಎಂದು ಬರೆಸಿಕೊಳ್ಳಿ. ಪ್ರೆಡ್ನಿಸೊಲೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ಎಂದು ಕ್ಯಾನ್ಸರ್ ತಜ್ಞರಿಗೆ ಹೇಳಿ. ದಿನಕ್ಕೆ 10 ಮಿ.ಗ್ರಾಂ. ಮೀರಿದ್ದರೆ ಶುರುಮಾಡುವ ಮೊದಲು ಇಳಿಸಲು ನೋಡುತ್ತಾರೆ. ತಾನಾಗಿ ನಿಲ್ಲಿಸಬಾರದು. ಮಯಸ್ತೇನಿಯದಂಥ ನರ-ಸ್ನಾಯು ಕಾಯಿಲೆ ಇದ್ದವರಿಗೆ, ಕಿಡ್ನಿ ಕಸಿ ಆದವರಿಗೆ ಅಪಾಯ ಬಹಳ ಹೆಚ್ಚು, ಅವರ ಲೆಕ್ಕ ಬೇರೆ.

ಸೋರಿಯಾಸಿಸ್ ಇಲ್ಲದವರಿಗೂ ಈ ಮದ್ದಿನಿಂದ ಹೊಸ ಸ್ವಯಂಪ್ರತಿರಕ್ಷಾ ಕಾಯಿಲೆ ಬರಬಹುದು. ತಡೆ ಬಿಡಿಸಿದಾಗ ಕ್ಯಾನ್ಸರನ್ನು ಹೊಡೆಯುವ ಟಿ ಕೋಶ ಮಾತ್ರ ಏಳುವುದಲ್ಲ, ಸ್ವಂತ ಅಂಗವನ್ನು ನೋಡಿ ಸುಮ್ಮನಿದ್ದವೂ ಏಳುತ್ತವೆ. ಆದ್ದರಿಂದ ಪ್ರತಿ ಡೋಸಿಗೆ ಮುಂಚೆ ಲಿವರ್, ಕ್ರಿಯಾಟಿನಿನ್, ಸಕ್ಕರೆ, ಆಗಾಗ ಥೈರಾಯ್ಡಿನ ಟಿಎಸ್‌ಎಚ್ ನೋಡುತ್ತಾರೆ. ಮನೆಯಲ್ಲಿ ನೀವು ನೋಡಬೇಕಾದದ್ದು: ದಿನಕ್ಕೆ ಎಂದಿಗಿಂತ ನಾಲ್ಕು ಸಲ ಹೆಚ್ಚು ಭೇದಿ, ಹೊಸ ಕೆಮ್ಮು ಮತ್ತು ಏದುಸಿರು, ವಿಪರೀತ ಬಾಯಾರಿಕೆ, ರೆಪ್ಪೆ ಇಳಿಬೀಳುವುದು, ಎದೆನೋವು, ತಡೆಯಲಾಗದ ಸುಸ್ತು. ಭೇದಿಗೆ ಮನೆಯಲ್ಲೇ ಲೊಪೆರಮೈಡ್ ಕೊಟ್ಟು ಕಾಯುವುದು ಎಲ್ಲಕ್ಕಿಂತ ಅಪಾಯದ ತಪ್ಪು, ಕರುಳು ತೂತಾಗುವವರೆಗೂ ಅದು ಮುಚ್ಚಿಟ್ಟುಬಿಡುತ್ತದೆ. ತೊಂದರೆ ಜೋರಾದರೆ ಪ್ರೆಡ್ನಿಸೊಲೋನ್ ಕಿಲೋ ತೂಕಕ್ಕೆ 1 ಮಿ.ಗ್ರಾಂ. ಅಥವಾ ಹೆಚ್ಚು ಕೊಟ್ಟು ನಾಲ್ಕರಿಂದ ಆರು ವಾರದಲ್ಲಿ ನಿಧಾನ ಇಳಿಸುತ್ತಾರೆ. ಆರಾಮವೆನಿಸಿತೆಂದು ಹತ್ತೇ ದಿನಕ್ಕೆ ನಿಲ್ಲಿಸಿದರೆ ಮರುಕಳಿಸುತ್ತದೆ. ಸ್ಟಿರಾಯ್ಡಿಗೂ ಬಗ್ಗದ ಕರುಳಿನ ಉರಿಯೂತಕ್ಕೆ ಇನ್‌ಫ್ಲಿಕ್ಸಿಮಾಬ್ ಕೊಡುತ್ತಾರೆ. ಸ್ಪಾಂಡಿಲೈಟಿಸ್‌ಗೆ ಕೊಡುವ ಟಿಎನ್‌ಎಫ್ ತಡೆಯೇ ಅದು.

ಈ ತೊಂದರೆಗಳು ಮದ್ದು ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಊರಿನ ಕ್ಲಿನಿಕ್ಕಿನಲ್ಲಿ ತೋರಿಸುವಾಗ ಡಾಕ್ಟರಿಗೆ ಇದು ತಿಳಿದಿರಬೇಕಾದ್ದರಿಂದ ತಾಯಿಯ ಪರ್ಸಿನಲ್ಲಿ ಒಂದು ಕಾರ್ಡ್ ಇಡಿ: ಔಷಧದ ಹೆಸರು, ಕೊನೆಯ ಡೋಸಿನ ತಾರೀಕು, ಕ್ಯಾನ್ಸರ್ ತಜ್ಞರ ಫೋನ್ ನಂಬರು. ಕಾರ್ಡನ್ನು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಬರೆಸಿ, ರಾತ್ರಿ ಆಂಬುಲೆನ್ಸ್ ಯಾವ ದಿಕ್ಕಿನ ಆಸ್ಪತ್ರೆಗೆ ಹೋಗುತ್ತದೆಂದು ಹೇಳಲಾಗದು.